ಕಪ್ಪು ಬಟ್ಟೆಯೊಳಗಿನ ಹಳದಿ ಕಿಡಿ

ಕಿಡಿ ಮೇಸ್ತ್ರಿಯ ಮುತ್ತಜ್ಜ ಕಮ್ಮಾರ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದರಲ್ಲಿ ಅವನದು ಎತ್ತಿದ ಕೈ. ಪಟ್ಟಿ ಕಾದು ಹದಕ್ಕೆ ಬಂತೋ ಇಲ್ಲವೋ ಎಂದು ಯಾರನ್ನೂ ಕೇಳಿದವನಲ್ಲ. ಕುಲುಮೆಯ ಮುಂದೆ ಬಾಯಿ ಹೊಲಿದುಕೊಂಡು ಕೂತು ಬಣ್ಣ ನೋಡುತ್ತಿದ್ದ. ಕಬ್ಬಿಣ ಮಾಗಿದ ಹಣ್ಣಿನ ಕೆಂಪಿಗೆ ತಿರುಗಿದ ಗಳಿಗೆಯಲ್ಲಿ ಇಕ್ಕಳ ಹಾಕಿದರೆ, ಗಾಲಿಯ ಮರ ಗೆದ್ದಲು ತಿಂದು ಮಣ್ಣಾದರೂ ಪಟ್ಟಿ ಸಡಿಲವಾಗುತ್ತಿರಲಿಲ್ಲ. ಅವನ ಮಗ ಸುತ್ತಿಗೆ ಬಿಟ್ಟು ಬೀಗ ಹಿಡಿದ. ಬೀಗದ ಹೊಟ್ಟೆಯೊಳಗಿನ ಸ್ಪ್ರಿಂಗನ್ನು ಕಾಸುವಾಗ ಅದು ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಬದನೆಕಾಯಿ ಬಣ್ಣ, ಕಡೆಗೆ ನವಿಲಿನ ಕತ್ತಿನ ಬಣ್ಣಕ್ಕೆ ಬರುತ್ತದೆ. ನವಿಲಿನ ಕತ್ತು ಕಂಡೊಡನೆ ಕಾಸುವುದನ್ನು ನಿಲ್ಲಿಸಬೇಕು, ಒಂದುಸಿರು ತಡವಾದರೆ ಸ್ಪ್ರಿಂಗ್ ಸತ್ತಂತೆ. ಅವನ ಕೈಯಲ್ಲಿ ಒಂದೂ ಸಾಯಲಿಲ್ಲ. ಅವನು ಬೀಗ ಹಾಕಿಕೊಟ್ಟ ಮನೆಯೊಂದಕ್ಕೆ ನುಗ್ಗಲು ಬಂದ ಕಳ್ಳರು ಬೆಳಗಿನವರೆಗೆ ಹೆಣಗಿ, ಸೋತು, ಬಾಗಿಲನ್ನೇ ಹೊತ್ತುಕೊಂಡು ಹೋದರಂತೆ. ಬೀಗ ಮಾತ್ರ ತೆರೆಯಲಿಲ್ಲ.

ಮೇಸ್ತ್ರಿಯ ಅಪ್ಪನ ಕಾಲಕ್ಕೆ ಬಂಡಿ ಹೋಗಿ ಮೋಟಾರು ಬಂತು. ಅಪ್ಪ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವನಲ್ಲ. ಕೆಟ್ಟು ನಿಂತ ಮೋಟಾರ್ ಸೈಕಲ್ಲೊಂದನ್ನು ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ ವಿದ್ಯೆ ಕಲಿತ. ಗಾಡಿ ಚಾಲೂ ಆಗದಿದ್ದರೆ ಪ್ಲಗ್ಗನ್ನು ಹೊರಗೆ ತೆಗೆದು ಇಂಜಿನ್ನಿನ ಮೈಗೆ ತಾಗಿಸಿಟ್ಟು, ತನ್ನ ತಲೆ ಮತ್ತು ಇಂಜಿನ್ನು ಎರಡನ್ನೂ ಸೇರಿಸಿ ಒಂದು ಕಪ್ಪು ಬಟ್ಟೆ ಮುಚ್ಚಿಕೊಳ್ಳುತ್ತಿದ್ದ, ಹಳೆಯ ಫೋಟೋದವರ ಹಾಗೆ. ಹೊರಗೆ ಒಬ್ಬರು ಕಿಕ್ಕರ್ ಒದೆಯಬೇಕು. ಒಳಗೆ ಕತ್ತಲಲ್ಲಿ ಪ್ಲಗ್ಗಿನ ತುದಿಯಲ್ಲಿ ಹಾರುವ ಕಿಡಿಯ ಬಣ್ಣ ನೋಡಿ, ಕಾಯಿಲೆ ಎಲ್ಲಿದೆ ಎಂದು ಹೇಳುತ್ತಿದ್ದ. ನೀಲಿ ಕಿಡಿ ಮನೆ ಮುಟ್ಟಿಸುತ್ತದೆ, ಹಳದಿ ಕಿಡಿ ದಾರಿಯಲ್ಲಿ ಕೂರಿಸುತ್ತದೆ. ಇದು ಅವನ ಮಾತು. ಮನೆಯಲ್ಲಿ ಇದಕ್ಕೆ ಎದುರು ಮಾತಿರಲಿಲ್ಲ.

ಅವನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಚಿಕ್ಕವರಿದ್ದಾಗ ಒಂದು ದಿನ ಸರದಿಯಂತೆ ಬಟ್ಟೆಯೊಳಗೆ ಕೂರಿಸಿ ಕಿಕ್ಕರ್ ಒದ್ದ. ದೊಡ್ಡವನು, ‘ನೀಲಿ, ಅಂಚಿನಲ್ಲಿ ಸ್ವಲ್ಪ ಬಿಳಿ’ ಎಂದ. ಚಿಕ್ಕವನು ಚಟ್ ಎಂಬ ಸದ್ದಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದ. ಏನು ಬಣ್ಣ ಎಂದರೆ, ‘ಕಪ್ಪು’ ಎಂದ. ಅಪ್ಪ ಹೊಟ್ಟೆ ಹಿಡಿದು ನಕ್ಕ. ನಕ್ಕು, ‘ಇವನಿಗೆ ಕಣ್ಣಿಲ್ಲ, ಇವನು ಬ್ರೇಕ್ ಕಲಿಯಲಿ’ ಎಂದು ತೀರ್ಪು ಕೊಟ್ಟ. ಆ ತೀರ್ಪಿನ ಮೇಲೆ ಎರಡು ಬಾಳುವೆ ನಡೆದವು. ದೊಡ್ಡವನು ಕಿಡಿ ಮೇಸ್ತ್ರಿಯಾದ. ಚಿಕ್ಕವನು ಬ್ರೇಕು, ಚೈನು, ಪಂಕ್ಚರು, ಗಾಡಿ ತೊಳೆಯುವುದು ಮಾಡಿಕೊಂಡು, ಅಣ್ಣ ಬಟ್ಟೆ ಹೊದ್ದಾಗ ಕಿಕ್ಕರ್ ಒದೆಯುವವನಾದ. ತಲೆ ಪೂರ್ತಿ ನರೆತರೂ ಅವನು ಆ ಬಟ್ಟೆಯೊಳಗೆ ಮತ್ತೆ ಇಣುಕಿರಲಿಲ್ಲ. ಯಾರಾದರೂ ಚುಚ್ಚಿದರೆ, ‘ಓಡಿಸೋದು ನಮ್ಮಣ್ಣ, ನಿಲ್ಲಿಸೋದು ನಾನು. ನಿಮಗೆ ಜೀವ ಉಳಿಯೋದು ಯಾರಿಂದ, ನೀವೇ ಹೇಳಿ’ ಎನ್ನುತ್ತಿದ್ದ.

ಊರಿನ ಹಳೆಯ ಗಾಡಿಗಳೆಲ್ಲ ಕಿಡಿ ಮೇಸ್ತ್ರಿಯ ತಗಡಿನ ಶೆಡ್ಡಿಗೇ ಬರುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಕಂಪೌಂಡರರ ಗಾಡಿ. ಕಂಪೌಂಡರು ಔಷಧಿ ಕಲಸುವ ಕೆಲಸದಿಂದ ನಿವೃತ್ತರಾಗಿ ಕಾಲವಾಗಿತ್ತು. ಅವರ ಗಾಡಿಯ ಪಕ್ಕಕ್ಕೆ ಒಂದು ಗಾಲಿಯ ಸೈಡ್‌ಕಾರ್ ಇತ್ತು. ಬೀದಿಯವರು ಅದನ್ನು ತೊಟ್ಟಿಲು ಎನ್ನುತ್ತಿದ್ದರು. ಕಂಪೌಂಡರರ ಹೆಂಡತಿಗೆ ನರದ ಕಾಯಿಲೆಯಿಂದ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಕಾರಿನಲ್ಲಿ ಮೈ ಮಡಚಿ ಕೂರಿಸಿದರೆ ಬೆನ್ನಿನ ನೋವಿಗೆ ಹಲ್ಲು ಕಚ್ಚುತ್ತಿದ್ದಳು. ತೊಟ್ಟಿಲಲ್ಲಾದರೆ ಕಾಲು ನೀಡಿ ಒರಗಿಕೊಳ್ಳಬಹುದು. ಕಂಪೌಂಡರು ಅದರ ಪಕ್ಕವನ್ನು ಕೊಯ್ಯಿಸಿ ಸಣ್ಣ ಬಾಗಿಲು ಇಡಿಸಿ, ಗಾಲಿಕುರ್ಚಿಯಿಂದ ಅವಳನ್ನು ಮೆಲ್ಲಗೆ ಜಾರಿಸಿ ಕೂರಿಸಿಕೊಂಡು ದಿನವೂ ಸಂಜೆ ನದಿಯ ಸೇತುವೆಗೆ ಹೋಗುತ್ತಿದ್ದರು. ಅವಳು ಹೊತ್ತು ಮುಳುಗುವವರೆಗೆ ನೀರು ನೋಡುವಳು, ಬರುವಳು. ‘ಲೋಕದಲ್ಲಿ ಹಲ್ಲು ಬಂದ ಮೇಲೆ ತೊಟ್ಟಿಲು ಬಿಡ್ತಾರೆ. ನಾನು ಹಲ್ಲು ಬಿದ್ದ ಮೇಲೆ ಹತ್ತಿದೆ’ ಎಂದು ಶೆಡ್ಡಿನ ಮುಂದೆ ಹಾಯುವಾಗಲೆಲ್ಲ ಕೈ ಬೀಸುವಳು. ಅವಳು ಹೊರಲೋಕವನ್ನು ನೋಡುತ್ತಿದ್ದದ್ದು ಅದೊಂದು ಹೊತ್ತು. ಮಿಕ್ಕಂತೆ ನಾಲ್ಕು ಗೋಡೆ.

ಒಂದು ಸಂಜೆ ಗಾಡಿ ಸೇತುವೆಯ ಮೇಲೆ ಕೆಟ್ಟು ನಿಂತಿತು. ತಣ್ಣಗಿದ್ದಾಗ ಹೊರಡುವುದು, ಕಾದ ಮೇಲೆ ಉಸಿರು ನಿಲ್ಲಿಸುವುದು. ಮರುದಿನ ಕಂಪೌಂಡರು ಅದನ್ನು ತಳ್ಳಿಸಿಕೊಂಡು ಬಂದರು.

‘ಮೇಸ್ತ್ರಿ, ನಿನ್ನ ಬಿಟ್ಟರೆ ಇದನ್ನ ಯಾರ ಕೈಗೂ ಕೊಡಲ್ಲ. ಅವಳು ಬೇರೆ, ಗಾಡಿ ಯಾವಾಗ ಬರುತ್ತೆ ಅಂತ ಈಗಲೇ ಶುರು ಮಾಡಿದ್ದಾಳೆ.’

‘ನಾಳೆ ಸಂಜೆ ಅಮ್ಮ ಸೇತುವೆ ಮೇಲಿರ್ತಾರೆ. ನಿಶ್ಚಿಂತೆಯಿಂದ ಹೋಗಿ.’

ಅಂದಂತೆಯೇ ಆಗುವುದರಲ್ಲಿತ್ತು. ಕಾದ ಮೇಲೆ ನಿಲ್ಲುವ ಗಾಡಿಗೆ ಮೊದಲು ನೋಡಬೇಕಾದ್ದು ಕಂಡೆನ್ಸರ್. ಬೆರಳಿನ ಗಾತ್ರದ ಡಬ್ಬಿ, ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಜೊತೆಗಿರುವಂಥದು. ಅದು ಬಿಸಿಗೆ ಸೋರತೊಡಗಿದರೆ ಕಿಡಿಯ ಬಲವೆಲ್ಲ ಹೊರಟುಹೋಗುತ್ತದೆ. ಮೇಸ್ತ್ರಿ ಹೊಸದು ಹಾಕಿದ. ತಮ್ಮ ಒಂದೇ ಒದೆ ಒದ್ದ. ಇಂಜಿನ್ನು ತುಂಬಿದ ಹೊಟ್ಟೆಯ ಎಮ್ಮೆಯ ಹಾಗೆ ನೆಮ್ಮದಿಯಾಗಿ ಗುಟುರು ಹಾಕುತ್ತಾ ನಿಂತಿತು. ಮಧ್ಯಾಹ್ನದವರೆಗೆ ಓಡಿಸಿದರೂ ಮೈ ಕಾದು ಸುಡುತ್ತಿತ್ತೇ ಹೊರತು ಉಸಿರು ತಪ್ಪಲಿಲ್ಲ.

ಗಾಡಿ ಬಿಡುವ ಮೊದಲು ಕಿಡಿ ನೋಡುವುದು ಮನೆತನದ ಪದ್ಧತಿ. ಮೇಸ್ತ್ರಿ ಕಪ್ಪು ಬಟ್ಟೆ ಹೊದ್ದು ಮೊಣಕಾಲೂರಿದ. ‘ಒದಿ’ ಎಂದ. ತಮ್ಮ ಒದ್ದ.

ಕಿಡಿ ಹಳದಿಯಾಗಿತ್ತು.

‘ಇನ್ನೊಂದು ಸಲ.’

ಹಳದಿ. ಸಾಯಂಕಾಲದ ದೀಪದಂಥ ಮಂಕು ಹಳದಿ. ಮೇಸ್ತ್ರಿ ಬಟ್ಟೆ ಸರಿಸಿ ಹೊರಗೆ ಬಂದು, ಹೆಗಲ ಮೇಲಿನ ಚಿಂದಿಯಿಂದ ಮುಖ ಒರೆಸಿಕೊಂಡ. ‘ಇದು ಹೋಗೋ ಗಾಡಿಯಲ್ಲ. ಒಳಗೆ ಇನ್ನೇನೋ ಇದೆ’ ಎಂದ.

‘ಓಡ್ತಾ ಇದೆಯಲ್ಲಣ್ಣ.’

‘ಸಾಯೋ ಮುಂಚೆ ದೀಪಾನೂ ಚೆನ್ನಾಗೇ ಉರಿಯುತ್ತೆ.’

ಅಲ್ಲಿಂದ ಶುರುವಾಯಿತು. ಪ್ಲಗ್ ಬದಲಾಯಿಸಿದ, ಹಳದಿ. ಪ್ಲಗ್ಗಿಗೆ ಬರುವ ದಪ್ಪ ವೈರ್ ಬದಲಾಯಿಸಿದ, ಹಳದಿ. ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟನ್ನು ಉಜ್ಜಿ, ಅದರ ಸಂದನ್ನು ಅಳೆದು, ಮತ್ತೆ ಅಳೆದು ಕೂರಿಸಿದ. ಮ್ಯಾಗ್ನೆಟೋದ ಅಯಸ್ಕಾಂತಕ್ಕೆ ಬಲ ತುಂಬಿಸಿಕೊಂಡು ಬಂದ. ಪ್ರತಿ ಸಲವೂ ಗಾಡಿ ಒಂದೇ ಒದೆಗೆ ಚಾಲೂ ಆಗುವುದು. ಪ್ರತಿ ಸಲವೂ ಬಟ್ಟೆಯೊಳಗೆ ಅದೇ ಹಳದಿ. ಕೈಗೆ ಬಂದ ಬೇರೆ ಗಾಡಿಗಳನ್ನು ಮುಟ್ಟದೆ ವಾಪಸು ಕಳಿಸಿದ. ಅಪ್ಪ ಇದ್ದಿದ್ದರೆ ಒಂದು ನೋಟಕ್ಕೆ ಹಿಡಿಯುತ್ತಿದ್ದ ರೋಗ ತನ್ನ ಕೈಗೆ ಸಿಕ್ಕದೆ ನುಣುಚಿಕೊಳ್ಳುತ್ತಿದೆಯಲ್ಲ ಎಂದು ಒಳಗೊಳಗೇ ಕುದಿದ.

ಕಂಪೌಂಡರು ದಿನವೂ ಬರತೊಡಗಿದರು. ಮೊದಮೊದಲು ತಮಾಷೆ ಮಾಡಿದರು. ಆಮೇಲೆ ಬಾಗಿಲಲ್ಲೇ ನಿಂತು ಹೋಗುವರು. ಒಂದು ದಿನ ಇಂಜಿನ್ನು ಚಾಲೂ ಇದ್ದಾಗಲೇ ಬಂದುಬಿಟ್ಟರು.

‘ಓಡ್ತಿದೆಯಲ್ಲೋ. ಕೊಡು ಮತ್ತೆ, ನಾನು ತಗೊಂಡು ಹೋಗ್ತೀನಿ.’

‘ಕೊಡೋದಿಲ್ಲ ಸಾರ್.’

‘ನನ್ನ ಗಾಡಿ ನನಗೆ ಕೊಡಲ್ವಾ?’

‘ಹಳದಿ ಕಿಡಿ ಇದೆ. ಅಮ್ಮನ್ನ ಕೂರಿಸ್ಕೊಂಡು ಹೋಗೋ ಗಾಡಿ ಇದು. ನಡುದಾರಿಯಲ್ಲಿ ನಿಂತುಬಿಟ್ಟರೆ ಅವರನ್ನ ಎತ್ತಿಕೊಂಡು ಬರ್ತೀರಾ ನೀವು? ಆ ಪಾಪ ನನಗೆ ಬೇಡ.’

ಕಂಪೌಂಡರು ಗಾಡಿಯನ್ನು, ಮೇಸ್ತ್ರಿಯ ಮುಖವನ್ನು ನೋಡಿದರು. ಕಿಡಿಯ ವಿಷಯದಲ್ಲಿ ಮೇಸ್ತ್ರಿಯ ಮಾತೆಂದರೆ ಅವರಿಗೆ ಡಾಕ್ಟರ ಮಾತು. ‘ಆಯ್ತಪ್ಪ. ಆದರೆ ಬೇಗ ಮಾಡು. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾಳೆ. ಮಾತಾಡ್ಸಿದರೆ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ’ ಎಂದು ಹೇಳಿ ಹೋದರು. ಬೆನ್ನು ಬಾಗಿತ್ತು. ಆ ಬೆನ್ನು ಮೇಸ್ತ್ರಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಅದರ ಮರುದಿನ ಮೇಸ್ತ್ರಿ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬಂದು ನೋಡುತ್ತಾನೆ, ಗಾಡಿಯ ಪಕ್ಕ ಕಪ್ಪು ಬಟ್ಟೆ ಗುಡ್ಡೆಯಾಗಿ ಅಲುಗುತ್ತಿದೆ. ಅದರಿಂದ ಹೊರಗೆ ಚಾಚಿದ ಒಂದು ಕೈ ಕಿಕ್ಕರನ್ನು ಒತ್ತುತ್ತಿದೆ.

‘ಯಾರದು?’

ಬಟ್ಟೆಯೊಳಗಿಂದ ತಮ್ಮನ ತಲೆ ಹೊರಬಂತು. ಕದ್ದು ಬೆಲ್ಲ ತಿಂದವನ ಮುಖ. ‘ಅಣ್ಣ, ಬೈಬೇಡ. ಕಿಡಿ ನೀಲಿ ಇದೆ.’

‘ಏನಂದೆ?’

‘ನೀಲಿ. ಅಂಚಲ್ಲಿ ಸ್ವಲ್ಪ ಬಿಳಿ. ನಾಲ್ಕಾರು ಸಲ ನೋಡಿದೆ.’

‘ಈ ಸಲವಾದ್ರೂ ಕಣ್ಣು ಬಿಟ್ಟಿದ್ದೆಯೋ, ಮುಚ್ಚಿದ್ದೆಯೋ?’

ಇಷ್ಟು ವರ್ಷ ಎಲ್ಲರೂ ನಕ್ಕ ಆ ಮಾತಿಗೆ ತಮ್ಮ ಯಾವಾಗಲೂ ತಾನೂ ನಗುತ್ತಿದ್ದ. ಈ ಸಲ ನಗಲಿಲ್ಲ. ‘ಬಿಟ್ಟಿದ್ದೆ’ ಎಂದ. ‘ಅಣ್ಣ, ಗಾಡಿ ಸರಿಯಾಗಿದೆ. ಕೊಟ್ಟುಬಿಡು. ಆ ಅಮ್ಮ ಅಲ್ಲಿ...’

‘ಕಣ್ಣಿಲ್ಲ ಅಂತ ಹೆತ್ತಪ್ಪನೇ ಹೇಳಿದ್ದಾನೆ. ನೀನು ನನಗೆ ಬಣ್ಣ ಕಲಿಸ್ತೀಯಾ? ಹೋಗು, ಆ ಸ್ಕೂಟರಿನ ಬ್ರೇಕ್ ನೋಡು.’

ತಮ್ಮ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿ, ಸೀಟಿನ ಮೇಲಿಟ್ಟು, ಹೋಗಿ ಸ್ಕೂಟರಿನ ಗಾಲಿ ಬಿಚ್ಚತೊಡಗಿದ. ಬೇರೆ ದಿನವಾದರೆ ಕೆಲಸ ಮಾಡುತ್ತಾ ಸಿಳ್ಳೆ ಹಾಕುವವನು ಅಂದು ಹಾಕಲಿಲ್ಲ.

ಮೇಸ್ತ್ರಿಗೆ ರೇಗಿತ್ತು. ರೇಗಿದ ಕೈ ಸೂಕ್ಷ್ಮದ ಕೆಲಸಕ್ಕೆ ಇಳಿಯಬಾರದು. ಇದೂ ಅಪ್ಪನ ಮಾತೇ, ಆದರೆ ಅಂದು ಅದು ನೆನಪಿಗೆ ಬರಲಿಲ್ಲ. ಇನ್ನು ಉಳಿದಿದ್ದು ಒಂದೇ ಜಾಗ, ಮ್ಯಾಗ್ನೆಟೋದ ಹೊಟ್ಟೆಯೊಳಗಿನ ಕಾಯಿಲ್. ಕೂದಲಿಗಿಂತ ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಮೇಲೆ ಅರಗು ಹೊಯ್ದು ಮಾಡಿದ್ದು. ಇಂಥದನ್ನು ಮಾಡುವ ಕಾರ್ಖಾನೆ ಎಂದೋ ಮುಚ್ಚಿತ್ತು. ಕೈಯಲ್ಲಿ ಸುತ್ತಿಕೊಡುತ್ತಿದ್ದ ಮುದುಕನೊಬ್ಬ ದೂರದ ಊರಿನಲ್ಲಿದ್ದ, ಅವನೂ ತೀರಿಕೊಂಡಿದ್ದ. ಅಷ್ಟು ಹಳೆಯ ಅರಗು ಒಣಗಿ ಬಿರಿದ ನೆಲದ ಹಾಗಾಗಿರುತ್ತದೆ, ಮುಟ್ಟಿದರೆ ತಂತಿಯೂ ಜೊತೆಗೆ ಬರುತ್ತದೆ. ಇದೆಲ್ಲ ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬಿಚ್ಚಿದ. ಹಳದಿ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಅವನಿಗೆ ಇರಲಾಗಲಿಲ್ಲ.

ಮೊದಲು ಅರಗಿನ ಒಂದು ಚಕ್ಕೆ ಎದ್ದಿತು. ಒಳಗೆ ತಂತಿ ಒದ್ದೆಯಾಗಿರಬಹುದೆಂದು ಇನ್ನೊಂದು ಚಕ್ಕೆ ಎಬ್ಬಿಸಿದ. ಅಷ್ಟರಲ್ಲಿ ಬೆರಳಿಗೆ ಜೇಡರ ಬಲೆ ತಾಗಿದಂತಾಯಿತು. ನೋಡಿದರೆ ತಂತಿಯ ತುದಿ, ಕಿತ್ತು ಬಂದಿತ್ತು. ಅದರ ಇನ್ನೊಂದು ತುದಿ ಆ ಸಾವಿರ ಸುತ್ತುಗಳ ನಡುವೆ ಎಲ್ಲಿಯೋ ಹುದುಗಿಹೋಯಿತು. ಭೂತಗನ್ನಡಿ ಹಿಡಿದು ಹುಡುಕಿದ. ಹುಡುಕಿದಷ್ಟೂ ಇನ್ನಷ್ಟು ತುಂಡಾಯಿತು. ಸಂಜೆಯ ಹೊತ್ತಿಗೆ ಮೇಜಿನ ಮೇಲಿದ್ದದ್ದು ಕಾಯಿಲ್ ಅಲ್ಲ, ಗುಬ್ಬಿಯ ಗೂಡು.

‘ಒದಿ’ ಎಂದ, ಎಲ್ಲ ಮತ್ತೆ ಕಟ್ಟಿದ ಮೇಲೆ. ಒದೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ತಮ್ಮ ಒದ್ದ. ಬಟ್ಟೆಯೊಳಗೆ ನೀಲಿಯೂ ಇಲ್ಲ, ಹಳದಿಯೂ ಇಲ್ಲ, ಬರೀ ಕತ್ತಲೆ. ಮೇಸ್ತ್ರಿ ಆ ಕತ್ತಲೆಯಲ್ಲೇ ಬಹಳ ಹೊತ್ತು ಕೂತಿದ್ದ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಶೆಡ್ಡಿಗೆ ಹೋಗದೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ. ಹೆಂಡತಿ ಒಲೆಯ ಮೇಲೆ ನೀರು ಕಾಯಿಸಲು ಇಟ್ಟಿದ್ದಳು. ಏನನ್ನಾದರೂ ಬೈಯದಿದ್ದರೆ ಎದೆ ಒಡೆಯುವಂತಿತ್ತು. ಕಣ್ಣಿಗೆ ಬಿದ್ದದ್ದು ಒಲೆ.

‘ಬರ್ನರ್ ತೊಳೆದು ಎಷ್ಟು ಕಾಲ ಆಯ್ತು? ಉರಿ ಹಳದಿ ಹಳದಿ ಬರ್ತಿದೆ. ಅರ್ಧ ಗ್ಯಾಸು ಹಾಳು.’

‘ಮೊನ್ನೆ ತಾನೇ ತೊಳೆದಿದ್ದೀನಿ. ಯಾವ ಹಳದಿ? ನೀಲಿ ಉರೀತಿದೆಯಲ್ಲ.’

‘ನನಗೆ ಉರಿ ಹೇಳಿಕೊಡಬೇಡ. ಹಳದಿ ಉರಿ ಪಾತ್ರೆ ತಳ ಮಸಿ ಮಾಡುತ್ತೆ, ನೋಡು ಬೇಕಾದ್ರೆ.’

ಹೆಂಡತಿ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ, ಅವನ ಕಣ್ಣಿನ ಮಟ್ಟಕ್ಕೆ ಹಿಡಿದಳು. ತಳ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ಸಾಸಿವೆಯಷ್ಟು ಮಸಿಯೂ ಇರಲಿಲ್ಲ.

ಮೇಸ್ತ್ರಿ ಎದ್ದು ಹತ್ತಿರ ಬಂದ. ಪಾತ್ರೆ ನೋಡಿದ, ಉರಿ ನೋಡಿದ. ಮತ್ತೆ ಪಾತ್ರೆ ನೋಡಿದ. ಹಳದಿ ಉರಿ ಮಸಿ ಬಿಡದೆ ಇರುವುದಿಲ್ಲ. ಬೆಂಕಿಯ ಮುಂದೆ ನಾಲ್ಕು ತಲೆಮಾರು ಸವೆಸಿದ ಮನೆತನಕ್ಕೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಉರಿ ಸುಳ್ಳಾಡುತ್ತಿಲ್ಲ, ಪಾತ್ರೆಯೂ ಸುಳ್ಳಾಡುತ್ತಿಲ್ಲ. ಉಳಿದದ್ದು ಕಣ್ಣು. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಎರಡರಲ್ಲೂ ಅದೇ ಮಂಕು ಹಳದಿ.

‘ಮೊನ್ನೆ ನೀಲಿ ಬಕೆಟ್ ತನ್ನಿ ಅಂದ್ರೆ ಹಿತ್ತಲೆಲ್ಲ ಸುತ್ತಿ, ಇಲ್ಲಿರೋದು ಬೂದಿ ಬಣ್ಣದ್ದು ಒಂದೇ ಅಂದಿರಿ’ ಎಂದಳು ಹೆಂಡತಿ, ಈಗ ದನಿ ಇಳಿಸಿ. ‘ತಲೆಯಲ್ಲಿ ಏನೋ ಯೋಚನೆ ಇದ್ದೀತು ಅಂತ ನಾನು ಸುಮ್ಮನಾದೆ. ಪೊರೆ ಬಂದಿದೆ ಕಣ್ರೀ. ನಮ್ಮಮ್ಮನಿಗೂ ಹೀಗೇ, ಲೋಕವೆಲ್ಲ ಅರಿಸಿನ ಬಳಿದ ಹಾಗೆ ಕಾಣ್ತಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ತೆಗೆದುಹಾಕ್ತಾರೆ. ಅದಕ್ಯಾಕೆ ಹೀಗೆ ಬೆವರ್ತಿದ್ದೀರಿ?’

ಅವಳಿಗೆ ಏನು ಗೊತ್ತು. ಪೊರೆಯ ಮಾತು ಮೇಸ್ತ್ರಿಯ ಕಿವಿಗೆ ಬಿದ್ದಿತೇ ಹೊರತು ತಲೆಗೆ ಇಳಿಯಲಿಲ್ಲ. ಅವನು ಹಿಂದೆ ಹಿಂದೆ ಹೋಗುತ್ತಿದ್ದ. ಅಯಸ್ಕಾಂತಕ್ಕೆ ಬಲ ತುಂಬಿದ ದಿನ ಕಿಡಿ ನೀಲಿಯಿತ್ತು. ವೈರ್ ಬದಲಾಯಿಸಿದ ದಿನ ನೀಲಿಯಿತ್ತು. ಕಂಡೆನ್ಸರ್ ಹಾಕಿದ ಮೊದಲ ಮಧ್ಯಾಹ್ನವೇ ನೀಲಿಯಿತ್ತು. ಆ ಸಂಜೆಯೇ ಕಂಪೌಂಡರರ ಹೆಂಡತಿ ಸೇತುವೆಯ ಮೇಲಿರಬಹುದಿತ್ತು. ಗಾಡಿಯ ರೋಗವನ್ನು ತಾನೇ ಮೊದಲ ಏಟಿಗೆ ವಾಸಿ ಮಾಡಿದ್ದ. ವಾಸಿಯಾದ ಗಾಡಿಯನ್ನು ರೋಗಿ ರೋಗಿ ಎಂದು ಹಟ ಹಿಡಿದು, ಕೊಯ್ದು ಕೊಯ್ದು, ಕಡೆಗೆ ಕರುಳು ಕಿತ್ತು ಕೊಂದಿದ್ದ. ಕೊಟ್ಟುಬಿಡು ಅಣ್ಣ ಎಂದು ಹೇಳಿದ ತಮ್ಮನಿಗೆ ಕಣ್ಣಿಲ್ಲ ಎಂದಿದ್ದ.

ಚಪ್ಪಲಿಯನ್ನೂ ಮೆಟ್ಟದೆ ಶೆಡ್ಡಿಗೆ ನಡೆದ.

ತಮ್ಮ ಆಗಲೇ ಬಾಗಿಲು ತೆಗೆದು, ಮೇಜಿನ ಮೇಲಿನ ಗುಬ್ಬಿಗೂಡನ್ನು ಒಂದು ಡಬ್ಬಿಗೆ ತುಂಬಿ, ಜಾಗ ಒರೆಸುತ್ತಿದ್ದ. ಮೇಸ್ತ್ರಿ ಮಗ್ಗುಲಿನ ಖಾಲಿ ಟೈರಿನ ಮೇಲೆ ಕೂತ. ತಮ್ಮನ ಮೈಮೇಲಿನ ಅಂಗಿಯನ್ನೇ ನೋಡುತ್ತಾ ಕೇಳಿದ:

‘ಈ ಅಂಗಿ ಏನು ಬಣ್ಣ?’

ತಮ್ಮ ಗಾಬರಿಯಾದ. ‘ನೀಲಿ. ಯಾಕಣ್ಣ?’

ಮೇಸ್ತ್ರಿಗೆ ಅದು ಒಗೆದು ಒಗೆದು ಮಾಸಿದ ಬೂದಿಯ ಹಾಗೆ ಕಂಡಿತ್ತು. ತಲೆ ತಗ್ಗಿಸಿದ. ತಮ್ಮ ದಡ್ಡನಲ್ಲ. ಕೈಯಲ್ಲಿದ್ದ ಚಿಂದಿ ಕೆಳಗಿಟ್ಟು ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ.

‘ಎಷ್ಟು ದಿನದಿಂದ?’

‘ಯಾರಿಗೆ ಗೊತ್ತು. ಒಂದೇ ದಿನಕ್ಕೆ ಬಂದಿದ್ದರೆ ತಿಳೀತಿತ್ತು. ಸಾಲಗಾರನ ಹಾಗೆ ದಿನಾ ಒಂದೊಂದು ಹೆಜ್ಜೆ ಒಳಗೆ ಬಂದಿದೆ.’

ರಸ್ತೆಯಲ್ಲಿ ಯಾವುದೋ ಗಾಡಿ ಎರಡು ಸಲ ಕೆಮ್ಮಿ ಹೋಯಿತು.

‘ಕಂಪೌಂಡರು ಈಗ ಬರೋ ಹೊತ್ತು’ ಎಂದ ತಮ್ಮ.

‘ಅವರು ಬರೋದು ಬೇಡ. ನಾನೇ ಅವರ ಮನೆಗೆ ಹೋಗ್ತೀನಿ.’

‘ಹೋಗಿ?’

‘ಹೇಳ್ತೀನಿ.’

‘ಏನಂತ? ಕಿಡಿ ಮೇಸ್ತ್ರಿಗೆ ಕಿಡಿ ಕಾಣಲ್ಲ ಅಂತಲಾ? ಸಂಜೆಯೊಳಗೆ ಊರೆಲ್ಲ ಗೊತ್ತಾಗುತ್ತೆ ಅಣ್ಣ. ನಾಳೆಯಿಂದ ಈ ಬಾಗಿಲಿಗೆ ನಾಯಿನೂ ಬರಲ್ಲ. ಇಲ್ಲಿ ಕೇಳು. ನಾನು ಹೋಗ್ತೀನಿ. ನೀನಿಲ್ಲದಾಗ ನಾನು ಆ ಕಾಯಿಲ್ ಬಿಚ್ಚಿದೆ, ನನ್ನ ಕೈಲಿ ಹಾಳಾಯ್ತು ಅಂತ ಹೇಳ್ತೀನಿ. ಇವನಿಗೆ ಕಣ್ಣಿಲ್ಲ ಅಂತ ಊರಿಗೇ ಗೊತ್ತಿದೆ. ಅದರ ಮೇಲೆ ಇನ್ನೊಂದು ಬೈಗುಳ ನನಗೇನು ಭಾರ? ಬೈದರೆ ಬೈಸ್ಕೊಳ್ತೀನಿ. ನೀನು ಅಷ್ಟರಲ್ಲಿ ಕಣ್ಣು ತೋರಿಸ್ಕೊಂಡು ಬಾ. ನಿನ್ನ ಹೆಸರು ಉಳಿದರೆ ಇಬ್ಬರ ಅನ್ನವೂ ಉಳೀತು.’

ಮೇಸ್ತ್ರಿ ತಮ್ಮನ ಮುಖ ನೋಡಿದ. ಬ್ರೇಕಿನ ಧೂಳು ಹುಬ್ಬಿನ ನರೆಗೂದಲಿನಲ್ಲಿ ಕೂತಿತ್ತು. ಆ ಮಾತನ್ನು ಅವನು ಹೊಸದಾಗಿ ಯೋಚಿಸಿ ಆಡಿದಂತಿರಲಿಲ್ಲ. ತನಗೆ ಎಂದಿನಿಂದಲೋ ರೂಢಿಯಾದ ಕೆಲಸವೊಂದನ್ನು ಇನ್ನೊಮ್ಮೆ ಮಾಡಿಕೊಡುತ್ತೇನೆ ಎಂದ ಹಾಗಿತ್ತು. ಕೆಟ್ಟದ್ದೆಂದರೆ, ಮೇಸ್ತ್ರಿಯ ಮನಸ್ಸು ಒಂದು ಗಳಿಗೆ ಅದಕ್ಕೆ ಹೂಂ ಎಂದುಬಿಟ್ಟಿತ್ತು. ಹೂಂ ಎಂದರೆ ಮುಗಿಯಿತು. ಕಂಪೌಂಡರು ನಂಬುತ್ತಾರೆ. ಊರು ನಂಬುತ್ತದೆ. ಸತ್ತ ಅಪ್ಪನೂ ನಂಬುತ್ತಿದ್ದ.

ಎದ್ದ. ಎದ್ದವನಿಗೆ ಹೊಸ್ತಿಲಲ್ಲಿ ಬಿದ್ದಿದ್ದ ಸ್ಪ್ಯಾನರ್ ಕಾಣದೆ ಕಾಲು ತೊಡರಿತು. ತಮ್ಮ ಹಾರಿ ಬಂದು ತೋಳು ಹಿಡಿದುಕೊಂಡ. ‘ಹೋಗಲೇಬೇಕು ಅಂದರೆ ನಾನೂ ಬರ್ತೀನಿ. ಒಬ್ಬನೇ ಹೋಗಬೇಡ. ಆ ಅಮ್ಮನ ಮುಂದೆ ನಿನ್ನ ಬಾಯಿ ಕಟ್ಟಿಹೋದರೆ ನಾನು ಹೇಳ್ತೀನಿ.’

ಮೇಸ್ತ್ರಿ ಆ ಕೈಯನ್ನು ಬೆರಳು ಬೆರಳಾಗಿ ಬಿಡಿಸತೊಡಗಿದ.

‘ಬೇಡ. ನೀನು ಜೊತೆಗಿದ್ದರೆ ಅರ್ಧ ತಪ್ಪು ನಿನ್ನದು ಅಂತ ಅವರು ತಿಳ್ಕೊಳ್ತಾರೆ, ನಾನೂ ಸುಮ್ಮನಿದ್ದುಬಿಡ್ತೀನಿ. ನನ್ನ ಬಾಯಿ ನನಗೆ ಗೊತ್ತು. ಗಾಡಿ ಕೊಂದದ್ದು ನಾನು, ಆಯಮ್ಮನ ಮುಖ ನೋಡಿ ಹೇಳೋದೂ ನಾನೇ. ಬಾಯಿ ಕಟ್ಟಿದರೆ ಬಿಚ್ಚೋವರೆಗೂ ಅವರ ಬಾಗಿಲಲ್ಲೇ ನಿಂತಿರ್ತೀನಿ. ನೀನು ಬರಬೇಡ, ಬಿಡು ನನ್ನ.’